ಶಾಲು ಯಾವಾಗ ಹೊದಿಸಬೇಕು

ಓದಿದವನಿಗೆ ಒಂದು ದೊಡ್ಡ ಕಷ್ಟವಿದೆ: ಅವನು ‘ನನಗೆ ತಿಳಿಯಲಿಲ್ಲ’ ಎನ್ನುವಂತಿಲ್ಲ. ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ಬೀದರಿನ ನನ್ನ ಮನೆಯ ಬಾಗಿಲ ಫಲಕದಲ್ಲಿ ಎಂ.ಎ., ಬಿ.ಎಡ್. ಎಂಬ ಅಕ್ಷರಗಳು ಹೆಸರಿಗಿಂತ ದಪ್ಪ. ರಜೆಯಲ್ಲಿ ಕಬ್ಬು ಕಡಿದು ಫೀಜು ಕಟ್ಟಿ ಗಳಿಸಿದವು. ತೆಳ್ಳಗೆ ಬರೆಸಲು ಮನಸ್ಸಾಗಲಿಲ್ಲ. ನಮ್ಮೂರು ಚಿಂತಾಕಿಯಲ್ಲಿರುವ ಅವ್ವನಿಗೆ ಮಾತ್ರ ಅವನ್ನು ಓದಲು ಬಾರದು. ಒಮ್ಮೆಯಾದರೂ ಅವಳ ಎದುರು ಮೈಕಿನಲ್ಲಿ ಯಾರಾದರೂ ಅವನ್ನು ಹೇಳಲಿ ಎಂಬುದು ನನ್ನ ಬಹುಕಾಲದ ಆಸೆ.

ಹೀಗಾಗಿ, ನಾನು ಪಾಠ ಮಾಡುವ ಭಾಲ್ಕಿಯಲ್ಲಿ ಒಂದು ಸಂಗೀತ ಸಂಘದ ಅಧ್ಯಕ್ಷರಾದ ತೊಗರಿ ವ್ಯಾಪಾರಿ ಸಾವ್ಕಾರರು, “ಸರ, ಪುಣೆದಿಂದ ಒಬ್ರು ಪ್ರಯೋಗದ ಸಂಗೀತದವ್ರು ಬರ್ಲತ್ತಾರ. ನಿಮಗದು ತಿಳೀತದೇನ್ರಿ?” ಎಂದಾಗ, “ಬೇಕಾದಷ್ಟು ಕೇಳೀನ್ರಿ” ಎಂದುಬಿಟ್ಟೆ. ಕೇಳಿದ್ದು ನಿಜ. ರೈಲಿನಲ್ಲಿ, ಕುತೂಹಲಕ್ಕೆ, ಫೋನಿನಲ್ಲಿ. ಸ್ವಲ್ಪ ಹೊತ್ತಿನಲ್ಲೇ ಫೋನು ಕೆಟ್ಟಿತೆಂದು ಗಾಬರಿಯಾಗಿ ಆರಿಸಿದ್ದೆ. “ಹಾಂಗಾದ್ರ ಸನ್ಮಾನ ನೀವೇ ಮಾಡ್ರಿ. ಮುಗಿದ ಕೂಡ್ಲೇ ಶಾಲು ಹೊದಿಸಬೇಕು. ತಡ ಆತಂದ್ರ ಜನ ಎದ್ದು ಹೋಗ್ತಾರ.” ಸನ್ಮಾನಿಸುವವರ ಹೆಸರನ್ನು ಪದವಿಯೊಂದಿಗೆ ಮೈಕಿನಲ್ಲಿ ಹೇಳುವುದು ನಮ್ಮ ಕಡೆಯ ರೂಢಿ. ನಿರೂಪಕಿಯ ಕೈಗೆ ನಾನೇ ಚೀಟಿ ಬರೆದುಕೊಟ್ಟು, ಅವ್ವನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆ.

ನಾನು ನಮ್ಮ ಓಣಿಯ ಭೀಮಗೀತೆಯ ಮೇಳದಲ್ಲಿ ತಾಳ ಹಾಕಿ ಬೆಳೆದವನು. ನಮ್ಮಲ್ಲಿ ಹಾಡು ಮುಗಿದದ್ದು ಹೊರಗೆ ಕಟ್ಟಿದ ಎಮ್ಮೆಗೂ ತಿಳಿಯುತ್ತದೆ: ಢೋಲಕಿ ಜೋರಾಗುತ್ತದೆ, ಹಾಡುವವನ ಕೈ ಮೇಲೇಳುತ್ತದೆ, ಎಲ್ಲರೂ ಜೈಭೀಮ್ ಎನ್ನುತ್ತಾರೆ. ಇಲ್ಲಿ ಆ ಕಲಾವಿದರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಅದರ ಗಾಲಿಯ ಕಡ್ಡಿಗಳನ್ನು ಪಿಟೀಲಿನ ಕಮಾನಿನಿಂದ ಉಜ್ಜಿದರು. ಸ್ಟೀಲಿನ ತಾಟಿನಲ್ಲಿ ಗೋಲಿಗುಂಡು ಉರುಳಿಸಿದರು. ಲ್ಯಾಪ್‌ಟಾಪು ನರಳಿತು. ಇದು ಶುರುವಾಗಿದೆಯೋ ಇಲ್ಲವೋ ಎಂಬುದೇ ತಿಳಿಯದಿದ್ದರೆ, ಮುಗಿದದ್ದು ಹೇಗೆ ತಿಳಿಯಬೇಕು? “ಇನ್ನಾ ಜೋಡಿಸ್ಲತ್ತಾನೇನೋ ತಮ್ಮಾ?” ಎಂದಳು ಅವ್ವ. ಓದಿದವನಲ್ಲವೇ, ಗಂಭೀರವಾಗಿ ತಲೆಯಾಡಿಸಿದೆ.

ಆಗ ಎಲ್ಲ ಸದ್ದು ನಿಂತಿತು. ಕಲಾವಿದರು ಕಣ್ಣು ಮುಚ್ಚಿ ಕೈ ಮೇಲೆತ್ತಿ ಕುಳಿತರು. ಕೈ ಎತ್ತಿದರೆಂದರೆ ಮುಗಿಯಿತು! ಎದ್ದು ವೇದಿಕೆ ಹತ್ತಿದೆ. ಈ ದಿನಕ್ಕೆಂದೇ ಕೊಂಡ ಹೊಸ ಚಪ್ಪಲಿ, ಹಲಗೆಯ ಮೇಲೆ ಕಿರ್ರ್, ಕಿರ್ರ್ ಎಂದಿತು. ಶಾಲಿನ ಪ್ಲಾಸ್ಟಿಕ್ ಚೀಲ ಪರಪರ ಎಂದಿತೇ ಹೊರತು ಬಿಚ್ಚಿಕೊಳ್ಳಲಿಲ್ಲ. ಆ ನಿಶ್ಶಬ್ದದಲ್ಲಿ ಅವ್ವನ ದನಿ ಗೋಡೆಗೆ ಬಡಿದು ಬಂತು: “ಹಲ್ಲಿಲೆ ಹರಿಯೋ ತಮ್ಮಾ!”

ಹರಿದು, ಹೊದಿಸಿದೆ. ಅವರು ಕಣ್ಣು ತೆರೆದರು. ಬೈಯಲಿಲ್ಲ. ಮೈಕನ್ನು ಎತ್ತಿ ನನ್ನ ಕಾಲಿನ ಹತ್ತಿರ ಇಟ್ಟು, ಮತ್ತೆ ತಾಟು ಬಾರಿಸತೊಡಗಿದರು. ಮುಗಿದಿರಲಿಲ್ಲ! ಕೆಳಗಿಳಿಯಲು ಕಾಲೆತ್ತಿದೆ. ಕಿರ್ರ್! ‘ನಡೀರಿ’ ಎಂದು ಅವರು ಸನ್ನೆ ಮಾಡಿದರು. ಬೇರೆ ದಾರಿಯಿಲ್ಲದೆ ನಡೆದೆ, ತಿರುಗಿ ನಡೆದೆ. ನಾನು ಹೆಜ್ಜೆಯಿಟ್ಟಾಗಲೆಲ್ಲ ಅವರ ತಾಟಿನ ಪೆಟ್ಟು ಬಿತ್ತು. ಜನ ಅಂದು ಮೊದಲ ಸಲ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ನಿರೂಪಕಿ ನನ್ನ ಚೀಟಿ ಮರೆತೇಬಿಟ್ಟಳು.

“ನೀ ಹೋದ ಮ್ಯಾಲೇ ಜರಾ ತಾಳಕ್ಕ ಬಂತು ನೋಡು” ಎಂದಳು ಅವ್ವ, ಬಸ್ಸಿನಲ್ಲಿ.

ಮೊನ್ನೆ ಆ ಕಲಾವಿದರು ಅಂದಿನ ಧ್ವನಿಮುದ್ರಣವನ್ನು ಫೋನಿಗೆ ಕಳಿಸಿದ್ದಾರೆ. ಕೆಳಗೆ ವಾದಕರ ಹೆಸರುಗಳಿವೆ: ಗಾಲಿ, ತಾಟುಗಳಿಗೆ ಅವರದು, ಚಪ್ಪಲಿ, ಪ್ಲಾಸ್ಟಿಕ್ ಚೀಲಕ್ಕೆ ನನ್ನದು, ಗಾಯನಕ್ಕೆ ಅವ್ವನದು. ಚಿಂತಾಕಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು: “ನಿಂದು ಎಮ್ಮೇ ಬೀಯೆಡ್ ಎಲ್ಲಿ ಹೋತೋ? ಅದನ್ಯಾಕ ಬರದಿಲ್ಲ?”

ಅವಳಿಗೆ ಅದು ಬಾಯಿಪಾಠವಾಗಿತ್ತು. ಆ ಕ್ಷಣವೇ ಪುಣೆಗೆ ಸಂದೇಶ ಕಳಿಸಿದೆ: ನನ್ನ ಹೆಸರಿನ ಮುಂದೆ ಎಂ.ಎ., ಬಿ.ಎಡ್. ಬಿಟ್ಟುಹೋಗಿದೆ, ದಯಮಾಡಿ ಸೇರಿಸಬೇಕು. ಚಪ್ಪಲಿಯ ಬಗ್ಗೆ ನನ್ನದೇನೂ ತಕರಾರಿಲ್ಲ.