ಮೂರನೆಯ ಸಾಲು ಕೇಳಿಸಲಿಲ್ಲ

ಹೆಂಡತಿ ತವರಿಗೆ ಹೋದರೆ ಗಂಡಸಿಗೆ ಸ್ವಾತಂತ್ರ್ಯ ಸಿಕ್ಕಿತು ಎಂದು ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊದಲ ನಾಲ್ಕು ದಿನ ನಾನೂ ನಕ್ಕವನೇ. ಆಮೇಲೆ ಜಯನಗರದ ಆ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿದರೂ ಕೂಗುವವರಿಲ್ಲ, ಸಂಜೆ ದೀಪ ಹಾಕದಿದ್ದರೂ ಗದರುವವರಿಲ್ಲ. ಆಫೀಸಿನಲ್ಲಿ ಕೇಳಿದವರಿಗೆಲ್ಲ "ನಾದಿನಿ ಮದುವೆ ಓಡಾಟ" ಎನ್ನುತ್ತಿದ್ದೆ. ನನಗಿರುವ ಒಬ್ಬಳೇ ನಾದಿನಿಗೆ ಆಗಲೇ ಎರಡು ಮಕ್ಕಳು. ನಡೆದದ್ದು ಇಷ್ಟೆ: ಒಂದು ಸಂಜೆ ಹೆಂಡತಿ ಏನೋ ಹೇಳುತ್ತಿದ್ದಳು, ನಾನು ಪೇಪರಿನ ಹಿಂದಿನಿಂದ "ಹ್ಞೂಂ" ಎಂದೆ. "ಏನಕ್ಕೆ ಹ್ಞೂಂ?" ಎಂದಳು. ನನಗೆ ಗೊತ್ತಿರಲಿಲ್ಲ. "ಗೋಡೆಗೆ ಹೇಳಿದ್ರೆ ಗೋಡೆನಾದ್ರೂ ಕೇಳ್ತಿತ್ತು" ಎಂದವಳು ಬೆಳಿಗ್ಗೆ ತುಮಕೂರಿನ ಬಸ್ಸು ಹತ್ತಿದಳು. ತಿಂಗಳು ದಾಟಿದರೂ ಒಂದು ಕಾಗದವಿಲ್ಲ.

ಅಷ್ಟರಲ್ಲಿ ನಮ್ಮ ಬಡಾವಣೆಯ ಬಾರು ಹೊಸ ವೇಷ ತೊಟ್ಟಿತು. ಮೊದಲು ಅಲ್ಲಿದ್ದದ್ದು ತಗಡಿನ ಕುರ್ಚಿ, ಫಿನಾಯಿಲ್ ವಾಸನೆ, ತಲೆ ತಗ್ಗಿಸಿ ಒಳಗೆ ನುಗ್ಗುವ ಗಂಡಸರು. ಈಗ ಕೆಂಪು ಬಲ್ಬು, ರೆಕ್ಸಿನ್ ಸೀಟು, ಮೀನಿನ ತೊಟ್ಟಿ, ಬಾಗಿಲಲ್ಲಿ ಸಲಾಮು ಹೊಡೆಯಲು ಒಬ್ಬ ಮೀಸೆಯವನು. ಒಂದು ಶನಿವಾರ ಹೊರಗೆ ಬೋರ್ಡು ನೇತುಹಾಕಿದ್ದರು: 'ಇಂದು ಸಂಜೆ ಲೈವ್ ಬ್ಲೂಸ್'. ಬ್ಲೂ ಎಂದರೆ ಆ ಕಾಲದಲ್ಲಿ ನಮಗೆ ಗೊತ್ತಿದ್ದದ್ದು ಒಂದೇ ಅರ್ಥ, ಕಿಟಕಿ ಮುಚ್ಚಿಕೊಂಡು ನೋಡುವ ವಿಡಿಯೋ ಕ್ಯಾಸೆಟ್ಟಿನದು. ಅದೂ ಲೈವ್! ಬಾರು ಕಿಕ್ಕಿರಿದಿತ್ತು. ನಾನು ಸಂಗೀತ ಕೇಳಲೆಂದೇ ಹೋದೆ ಎಂದು ಹೇಳಿಕೊಳ್ಳುವ ಆಸೆಯೇನೋ ಇದೆ, ನೀವು ನಂಬುವುದಿಲ್ಲ. ಕಂಟೋನ್ಮೆಂಟ್ ಕಡೆಯ ಮೂವರು ಗಿಟಾರು, ಡ್ರಮ್ಮು ತಂದಿಟ್ಟು ಬ್ಲೂಸ್ ಎಂಬ ದುಃಖದ ಹಾಡು ಹಿಡಿದು ಇಂಗ್ಲಿಷಿನಲ್ಲಿ ಗೋಳಾಡತೊಡಗಿದಾಗ "ಮೋಸ ಗುರು, ಬರೀ ಹಾಡು!" ಎಂದು ಅರ್ಧ ಜನ ಎದ್ದು ಹೋದರು. ನಾನು ಏಳಲಿಲ್ಲ. ಎದ್ದರೆ ಹೋಗಬೇಕಾದದ್ದು ಆ ಮನೆಗೆ ತಾನೆ?

ನನ್ನ ಎದುರಿಗೆ ಕೂತಿದ್ದವರು ಪಿಳ್ಳಪ್ಪ. ಉತ್ತರಹಳ್ಳಿಯ ಹೊಲ ಸೈಟುಗಳಾದ ಮೇಲೆ ಟೆಂಪೋ ಇಟ್ಟುಕೊಂಡವರಂತೆ. ನನ್ನ ಇಸ್ತ್ರಿ ಅಂಗಿ ನೋಡಿ ಇಂಗ್ಲಿಷ್ ಬಲ್ಲವನೆಂದು ತೀರ್ಮಾನಿಸಿದ್ದರು.

"ಏನಂತೆ ಸಾರ್ ಅವನಿಗೆ?"

"ಹೆಂಡ್ತಿ ಬಿಟ್ಟೋದ್ಲಂತೆ."

ಹಾಡುಗಾರ ಮತ್ತೆ ಅದೇ ಸಾಲು ಹಿಡಿದ.

"ಈಗೇನಂತೆ?"

"ಹೆಂಡ್ತಿ ಬಿಟ್ಟೋದ್ಲಂತೆ."

"ಇನ್ನೊಬ್ಳೂ ಹೋದ್ಲಾ? ಅಯ್ಯೋ ಪಾಪ!"

ಒಬ್ಬಳೇ, ಹೇಳುವುದು ಮಾತ್ರ ಎರಡು ಸಲ, ಮೂರನೆಯ ಸಾಲಿನಲ್ಲಿ ವಿಷಯ ಬರುತ್ತದೆ ಎಂದು ವಿವರಿಸಿದೆ. ಆ ಮೂರನೆಯ ಸಾಲು ಡ್ರಮ್ಮಿನ ಸದ್ದಿನಲ್ಲಿ ನನಗೇ ಕೇಳಿಸುತ್ತಿರಲಿಲ್ಲ. ಇಂಗ್ಲಿಷ್ ಬಲ್ಲವನ ಮರ್ಯಾದೆಯ ಪ್ರಶ್ನೆ, ನಾನೇ ತುಂಬಿಕೊಟ್ಟೆ.

"ಬೆಳಿಗ್ಗೆ ಎದ್ರೆ ಒಂದ್ ಲೋಟ ಕಾಫಿ ಇಲ್ವಂತೆ. ಸಾಸಿವೆ ಡಬ್ಬ ಎಲ್ಲಿದೆಯೋ ಗೊತ್ತಿಲ್ವಂತೆ. ಮನೇಲಿ ಒಂದು ಮಾತಿಲ್ವಂತೆ. ತುಮಕೂರಿಂದ ಒಂದು ಕಾಗದನೂ ಇಲ್ವಂತೆ."

ಪಿಳ್ಳಪ್ಪ ಲೋಟ ಕೆಳಗಿಟ್ಟರು. "ಇಂಗ್ಲಿಷ್ ಹಾಡಲ್ಲಿ ತುಮಕೂರು ಬಂತಾ ಸಾರ್?"

ತಿಂಗಳಿಂದ ಯಾರಿಗೂ ಹೇಳದ ಸಂಕಟ, ಗುರುತಿಲ್ಲದ ಮನುಷ್ಯನ ಎದುರು ಹೀಗೆ ಜಾರಿತ್ತು. ಅವರು ನಗಲಿಲ್ಲ. ಖಾರದ ಕಡ್ಲೆಬೀಜದ ತಟ್ಟೆಯನ್ನು ನನ್ನತ್ತ ಸರಿಸಿ, "ಆ ಹಾಡೋನಿಗೆ ಒಂದ್ಮಾತು ಹೇಳಿ ಸಾರ್. ಇಲ್ಲಿ ಕೂತು ಬಾಯಿ ಬಡ್ಕೊಂಡ್ರೆ ಆಯಮ್ಮಂಗೆ ಕೇಳಲ್ಲ. ಹೋಗಿ ಬಾಯ್ಬಿಟ್ಟು ಕರೀಲಿ" ಎಂದರು.

ಮರುದಿನವೇ ತುಮಕೂರಿಗೆ ಹೋದೆ. ಮಾವನವರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ಮನೆಗೆ ಹೋಗೋಣ ಬಾ" ಎಂದೆ. ತಲೆ ಎತ್ತಲಿಲ್ಲ. "ಮನೆಗೆ ಹೋಗೋಣ ಬಾ" ಎಂದೆ ಮತ್ತೆ. ನೀನಿಲ್ಲದೆ ಆಗುತ್ತಿಲ್ಲ ಎಂಬ ಮೂರನೆಯ ಸಾಲು ಮಾವನವರನ್ನು ನೋಡಿ ಒಳಗೇ ಉಳಿಯಿತು.

"ಇದನ್ನ ಯಾರು ಹೇಳ್ಕೊಟ್ರು ನಿಮಗೆ?" ಎಂದಳು.

ಬಾರಿನಲ್ಲಿ ಎಂದು ಹೇಗೆ ಹೇಳಲಿ? "ಪಿಳ್ಳಪ್ಪ ಅಂತ, ಸ್ನೇಹಿತರು."

"ಹಾಗಾದ್ರೆ ಅವರನ್ನೇ ಕಳಿಸ್ಬೇಕಿತ್ತು." ಮೊರ ಎತ್ತಿಕೊಂಡು ಎದ್ದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಕೂತಿರಿ, ಕಾಫಿ ತರ್ತೀನಿ. ಆಮೇಲೆ ಮಾತಾಡೋಣ" ಎಂದಳು.

ಆ ಮಾತಿಗೆ ನನಗೆ ಹೋದ ಜೀವ ಬಂದಂತಾಯಿತು. ಮಾವನವರು ಓದಿ ಮುಗಿಸಿದ ಪೇಪರನ್ನು ನನ್ನ ಕಡೆ ಚಾಚಿದರು. ಹಿರಿಯರು ಕೊಟ್ಟದ್ದು, ಬೇಡ ಎನ್ನಲಾದೀತೆ? ಬಿಡಿಸಿ ಹಿಡಿದೆ. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಅವಳು ಏನೋ ಕೇಳಿದಳು.

ನಾನು "ಹ್ಞೂಂ" ಎಂದೆ.