ಎಗ್ಬರ್ಟನಿಗೊಬ್ಬ ಬದಲಿ

ರಜೆ ಚೀಟಿಯಲ್ಲಿ ಒಂದು ಸಾಲು ಖಾಲಿ ಉಳಿದಿತ್ತು: ‘ನಿಮ್ಮ ಬದಲಿ ಯಾರು?’ ನಮ್ಮ ಪುರಸಭೆಯಲ್ಲಿ ಬದಲಿ ಇಲ್ಲದೆ ಯಾರೂ ರಜೆ ಹೋಗುವಂತಿಲ್ಲ. ಸಾಯುವವನೂ ಬದಲಿಯ ಹೆಸರು ಹೇಳಿಯೇ ಸಾಯಬೇಕು.

ಎಗ್ಬರ್ಟನಿಗೆ ಬದಲಿ ಸಿಗುತ್ತಿರಲಿಲ್ಲ. ಪುರಸಭೆಯ ಅರವತ್ತು ಕಂಪ್ಯೂಟರಿನಲ್ಲಿ, ಆಮೇಲೆ ಶಾಲೆಗಳದ್ದರಲ್ಲಿ, ಹಳೆಯ ತಂತ್ರಾಂಶ ಅಳಿಸಿ ಲಿನಕ್ಸ್ ಹಾಕುವ ಕೆಲಸ ಅವನದು. ನೆಲಮಾಳಿಗೆಯ ಸರ್ವರ್‌ನಿಂದ ತಂತಿಯ ಮೂಲಕ ತಾನಾಗಿ ಬಂದು ಕೂರುತ್ತದೆ ಅಂತ ಹೆಸರು. ಆದರೆ ಪ್ರತಿ ಯಂತ್ರವೂ, ಪೇಟೆಗೆ ಹೊರಟವನನ್ನು ಬಾಗಿಲಲ್ಲಿ ತಡೆಯುವ ಅಜ್ಜಿಯ ಹಾಗೆ, ನಡುನಡುವೆ ನಿಲ್ಲಿಸಿ ಕೇಳುತ್ತಿತ್ತು. ಭಾಷೆ ಯಾವುದು? ನಿಜವಾಗಿ ಅಳಿಸಲೇ? ಪಕ್ಕದಲ್ಲಿ ಕೂತು ಉತ್ತರ ಕೊಡಬೇಕು. ಇಂಥ ಕೆಲಸಕ್ಕೆ ಬದಲಿ ಬರಲು ಯಾರಿಗೆ ಹುಚ್ಚು ಹಿಡಿದಿದೆ? ಎರಡು ಬೇಸಿಗೆಯ ರಜೆ ಹೀಗೇ ಮುಳುಗಿತ್ತು.

ಈ ಸಲ ಹೆಂಡತಿ ಹೈಲ್ಕೆ ಯೂಸ್ಟ್ ದ್ವೀಪದಲ್ಲಿ ಮೂರು ವಾರಕ್ಕೆ ಕೋಣೆ ಹಿಡಿದಿದ್ದಳು. “ನಾಳೆ ಬೆಳಿಗ್ಗೆ ಹಡಗು. ನೀನು ಬಂದ್ರೆ ಬಾ. ಇಲ್ದಿದ್ರೆ ನಾನೂ ನಾಯೀನೂ ಹೋಗ್ತೀವಿ.”

ಅದಕ್ಕೇ ಎಗ್ಬರ್ಟ್ ಕಣ್ಣು ಕೆಂಪಾಗುವಷ್ಟು ದುಡಿದು, ಎಲ್ಲ ಉತ್ತರವನ್ನೂ ಮೊದಲೇ ಬರೆದು ಸರ್ವರ್‌ಗೆ ಕೊಟ್ಟಿದ್ದ. ಇನ್ನು ಕಂಪ್ಯೂಟರಿನ ಗುಂಡಿ ಒತ್ತಿದರೆ ಸಾಕು, ಯಂತ್ರ ತುಟಿ ಬಿಚ್ಚುವುದಿಲ್ಲ. ಹನ್ನೊಂದರ ಚಹಾಕ್ಕೆ ಎಲ್ಲರೂ ಸೇರಿದಾಗ ತೋರಿಸಿದ.

“ಏನೂ ಕೇಳಲ್ವಾ?” ಎಂದಳು ಶ್ರೀಮತಿ ಲ್ಯೂಡೆಮನ್. ಮಾಹಿತಿ ರಕ್ಷಣೆ ಅವಳ ಖಾತೆ. “ಕೇಳದೆ ಅಳಿಸೋದಾ? ಕಾನೂನು ಅಂತ ಒಂದಿದೆ ಎಗ್ಬರ್ಟ್ ಅವರೇ.”

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಜನನ ಮರಣ ವಿಭಾಗದ ಟೊಮ್ಮಾ ಬಂದಳು. ಮುಖ ಸುಣ್ಣದ ಹಾಗಾಗಿತ್ತು.

“ನನ್ನ ಭಜನೆ ಗುಂಪಿನ ಹಾಡುಗಳೆಲ್ಲ ಎಲ್ಲಿ ಹೋದ್ವು? ಕಂಪ್ಯೂಟರ್ ಹಾಕಿದ್ದಷ್ಟೇ ನಾನು.”

“ಇವತ್ತು ಹಾಕಬೇಡಿ ಅಂತ ಮೇಲ್ ಕಳಿಸಿದ್ದೆನಲ್ರೀ,” ಎಂದ ಎಗ್ಬರ್ಟ್.

“ಅದನ್ನ ಓದೋಕೇ ಹಾಕಿದ್ದು.”

ಇನ್ನು ಕೇಳಬೇಕೇ. ಎಲ್ಲರಿಗೂ ಒಂದೊಂದು ಪ್ರಶ್ನೆ ಬೇಕಾಯಿತು. ಹಾಡು ತೆಗೆದಿಟ್ಟಿರಾ ಅಂತ ಕೇಳಲಿ ಎಂದಳು ಟೊಮ್ಮಾ. ಒಪ್ಪಿಗೆ ಇದೆಯಾ, ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು ಅಂತ ಗೊತ್ತಿದೆಯಾ ಅಂತ ಎರಡು ಇರಲಿ ಎಂದಳು ಲ್ಯೂಡೆಮನ್. ನೌಕರರ ಮಂಡಳಿಯ ಓನೋ, ಯಾರಾದರೂ ಒತ್ತಾಯ ಮಾಡಿದ್ದಾರಾ ಅಂತಲೂ ಕೇಳಲಿ ಎಂದ. ಮುಖ್ಯಸ್ಥ ವುಬ್ಬೆನಾ ಕಲ್ಲುಸಕ್ಕರೆ ಕಡಿಯುತ್ತಾ, “ಕೊನೇಲಿ ತೃಪ್ತಿ ಆಯ್ತಾ ಅಂತ ಹಾಕ್ರಿ. ಮೇಯರ್‌ಗೆ ಇಷ್ಟ ಆಗುತ್ತೆ,” ಎಂದ.

ಊಟದ ಹೊತ್ತಿಗೆ ಯಂತ್ರ ಮೊದಲಿಗಿಂತ ಎರಡರಷ್ಟು ಪ್ರಶ್ನೆ ಕೇಳುತ್ತಿತ್ತು.

“ಈಗ ಇಷ್ಟಕ್ಕೂ ಉತ್ತರ ಕೊಡೋರು ಯಾರು?” ವುಬ್ಬೆನಾ ಪೆನ್ನು ತೆಗೆದ. “ಬದಲಿ ಹೆಸರು ಹೇಳಿ, ರುಜು ಹಾಕ್ತೀನಿ.”

ಎಗ್ಬರ್ಟ್ ನೆಲಮಾಳಿಗೆಗೆ ಇಳಿದ. ಏನೇ ಕೇಳಿದರೂ ಸರಿಯಾದ ಉತ್ತರವನ್ನು ಸರ್ವರೇ ಕೊಡುವ ಹಾಗೆ ಮಾಡಿ ಮೇಲೆ ಬಂದ.

“ಬದಲಿ ಸಿಕ್ಕಿದೆ. ಕೆಳಗಿದೆ.”

“ಸರ್ವರ್ ಹೆಸರು ಬರೆಯೋಕಾಗುತ್ತೇನ್ರೀ?” ಎಂದ ವುಬ್ಬೆನಾ.

ಲ್ಯೂಡೆಮನ್ ಯೋಚಿಸಿದಳು. “ಪ್ರಶ್ನೆ ಕೇಳಿದ್ದಾರೆ, ಉತ್ತರ ಬಂದಿದೆ. ನನ್ನದೇನೂ ಅಡ್ಡಿಯಿಲ್ಲ.”

“ನನ್ನದಿದೆ,” ಎಂದ ಓನೋ. “ಬದಲಿ ಅಂದ್ಮೇಲೆ ಬದಲಿಗಿರೋ ಹಕ್ಕೆಲ್ಲ ಅದಕ್ಕೂ ಇರ್ಬೇಕು. ಹಾಗಂತ ಬರೀರಿ, ಮಂಡಳಿ ಒಪ್ಪುತ್ತೆ.”

ಬರೆದರು. ಎಲ್ಲರೂ ತಮ್ಮ ತಮ್ಮ ಫೈಲುಗಳನ್ನು ತೆಗೆದಿಟ್ಟ ಮೇಲೆ ಅರವತ್ತೂ ಕಂಪ್ಯೂಟರನ್ನು ಒಟ್ಟಿಗೇ ಹಚ್ಚಿದರು. ಅರವತ್ತೂ ಕೇಳಿದವು, ಒಂದೇ ಸರ್ವರ್ ಹೇಳಿತು. ಯಾರೂ ಬೆರಳು ಮುಟ್ಟಿಸದೆ ಅರವತ್ತೂ ಎದ್ದು ಕೂತವು. ವುಬ್ಬೆನಾ ರುಜು ಹಾಕಿದ. ಎಗ್ಬರ್ಟ್ ಕೋಟು ತೊಟ್ಟ. ಒಂದು ತೋಳು ಇನ್ನೂ ಹೊರಗೇ ಇತ್ತು.

ಕೆಳಗಿನಿಂದ ಕಟ್ಟಡ ನೋಡಿಕೊಳ್ಳುವ ಫೋಕನ್ ಏದುಸಿರು ಬಿಡುತ್ತ ಬಂದ. ಅವನ ಜೊತೆಗೆ ಸುಟ್ಟ ವಾಸನೆಯೂ ಬಂತು.

“ಸರ್ವರ್‌ನ ವೈರ್ ಕರಗಿ ಹೋಗಿದೆ. ಅರವತ್ತು ಎಲೆಗೆ ಒಬ್ಬನೇ ಬಡಿಸಿದ್ರೆ ಸೊಂಟ ಬೀಳದೆ ಇನ್ನೇನು? ಕೋಣೆಗೆ ಬೀಗ ಹಾಕಿದೀನಿ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡ್ದೆ, ಮೂರು ವಾರ ಆಗುತ್ತಂತೆ.”

ವುಬ್ಬೆನಾ ಕೈ ಚಾಚಿ ಚೀಟಿ ವಾಪಸ್ ತೆಗೆದುಕೊಂಡ. “ನಿಮ್ಮ ಬದಲಿಗೆ ಹುಷಾರಿಲ್ವಲ್ರೀ.”

“ಬೇರೆ ಸರ್ವರ್ ಜೋಡಿಸ್ತೀನಿ,” ಎಂದ ಎಗ್ಬರ್ಟ್.

“ಅದೆಲ್ಲ ಆಗಲ್ಲ,” ಓನೋ ಎದ್ದು ನಿಂತ. “ಕಾಯಿಲೆ ಬಿದ್ದೋರ ಜಾಗಕ್ಕೆ ರಾತ್ರೋರಾತ್ರಿ ಬೇರೆಯವರನ್ನ ತರೋ ಹಾಗಿಲ್ಲ. ಹಕ್ಕು ಅಂತ ಬರೆದು ಕೊಟ್ಟಿದೀವಿ.”

“ನಾಳೆ ಶಾಲೆ ಕಂಪ್ಯೂಟರ್ ಬರ್ತಿವೆ,” ಎಂದ ವುಬ್ಬೆನಾ. “ಅದು ವಾಸಿಯಾಗೋವರೆಗೆ ಅದರ ಕೆಲಸ ನೀವೇ ನೋಡ್ಕೊಳ್ಳಿ.”

ಎಗ್ಬರ್ಟ್ ತೊಟ್ಟ ಒಂದು ತೋಳನ್ನೂ ಬಿಚ್ಚಿದ. ಯಾರಾದರೂ ಒಂದು ಮಾತು ಆಡಬಹುದು ಅಂತ ಎಲ್ಲರ ಮುಖ ನೋಡಿದ. ಅವರೆಲ್ಲ ನೆಲಮಾಳಿಗೆಯ ಮೆಟ್ಟಿಲ ಕಡೆ ನೋಡುತ್ತಿದ್ದರು.

“ಪಾಪ, ಎಷ್ಟು ವರ್ಷದಿಂದ ಹಗಲೂ ರಾತ್ರಿ ದುಡೀತಿತ್ತು,” ಎಂದಳು ಟೊಮ್ಮಾ. “ಒಂದೇ ಒಂದು ದಿನ ರಜೆ ಕೇಳಿರ್ಲಿಲ್ಲ.”