ಚಿತ್ರದ ಮೇಷ್ಟ್ರ ಅಭಿಪ್ರಾಯ

ಇತಿಹಾಸದ ಮೇಷ್ಟ್ರು ಮೆಟ್ಟಿಲಿನಲ್ಲಿ ಜಾರಿ ಕಾಲು ಮುರಿದುಕೊಂಡ ಮರುದಿನ ಬೆಳಿಗ್ಗೆ, ಅವರ ಮೇಜಿನ ಮೇಲಿದ್ದ ಮೂರು ಪುಸ್ತಕಗಳು ಚಿತ್ರಕಲೆಯ ಮೇಷ್ಟ್ರ ಮೇಜಿಗೆ ಬಂದು ಕೂತವು. ಮೊದಲ ಸಲ ಇತಿಹಾಸ ಓದುವ ಮಕ್ಕಳಿಗಾಗಿ ಬರೆದ ಸಚಿತ್ರ ಪುಸ್ತಕಗಳು. ಒಂದು ಕೆಂಪು, ಒಂದು ನೀಲಿ, ಒಂದು ಹಳದಿ. ಅವುಗಳ ಹಿಂದೆಯೇ ಹೆಡ್‌ಮಿಸ್ ಕೂಡ ಬಂದರು.

"ಯಾವುದು ಒಳ್ಳೇದು ಅಂತ ನಾಲ್ಕು ಗಂಟೆಯೊಳಗೆ ಒಂದು ಪುಟ ಬರೆದುಕೊಡಿ. ಇವತ್ತೇ ಆರ್ಡರ್ ಹೋಗ್ಬೇಕು."

"ನನಗೆ ಇತಿಹಾಸ ಅಷ್ಟಾಗಿ..."

"ಚಿತ್ರ ಇದೆಯಲ್ಲ ಮೇಷ್ಟ್ರೇ, ಅದನ್ನ ನೋಡಿ."

ಆಗುವುದಿಲ್ಲ ಎನ್ನುವ ಧೈರ್ಯ ಅವರಿಗಿರಲಿಲ್ಲ. ಚಿತ್ರಕಲೆಯ ಪೀರಿಯಡ್ ತೆಗೆದುಹಾಕುತ್ತಾರಂತೆ ಎಂಬ ಸುದ್ದಿ ಎರಡು ತಿಂಗಳಿಂದ ಸ್ಟಾಫ್ ರೂಮಿನಲ್ಲಿ ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು. ಎರಡು ಬೆಟ್ಟಗಳ ನಡುವೆ ಸೂರ್ಯನನ್ನು ಬಿಡಿಸುವ ಚಟವನ್ನು ಮಕ್ಕಳಿಂದ ಬಿಡಿಸಲು ಹದಿನಾರು ವರ್ಷ ಹೆಣಗಿದ್ದವರು ಅವರು. ಚಿತ್ರ ಬಲ್ಲವನ ಕಣ್ಣಿಗೆ ಎಷ್ಟು ಬೆಲೆಯಿದೆ ಎಂದು ತೋರಿಸಲು ಇದೇ ಸಮಯ ಎಂದುಕೊಂಡು ಕೆಂಪು ಪುಸ್ತಕ ತೆರೆದರು.

ಅದರಲ್ಲಿ ರಾಜರಿಗೆಲ್ಲ ಒಂದೇ ಮುಖ, ಒಂದೇ ಮೀಸೆ. ಗೆದ್ದವನೂ ಅವನೇ, ಸೋತವನೂ ಅವನೇ. ಕಿರೀಟ ಮಾತ್ರ ಬೇರೆ. ಹನ್ನೆರಡನೆಯ ಪುಟದಲ್ಲಿ ಅವನು ತನ್ನ ತಲೆಯನ್ನು ತಾನೇ ಕಡಿಯುತ್ತಿದ್ದ.

ಚಹಾದ ಲೋಟ ಹಿಡಿದ ಗಣಿತದ ಮೇಷ್ಟ್ರು ಹೆಗಲ ಮೇಲಿಂದ ಬಗ್ಗಿ ನೋಡಿದರು. "ಹತ್ತು ಸಾವಿರ ಸೈನಿಕರು ಅಂತ ಬರೆದಿದೆ. ನಾನು ಎಣಿಸಿದೆ, ಇಪ್ಪತ್ಮೂರೇ ಜನ. ಉಳಿದ ಒಂಬತ್ತು ಸಾವಿರದ ಒಂಬೈನೂರ ಎಪ್ಪತ್ತೇಳು ಜನ ಎಲ್ಲಿ ಹೋದ್ರು?"

"ಬೆಟ್ಟದ ಹಿಂದೆ ಇರಬಹುದು."

"ಹಾಗಂತ ಬರೀಬೇಕಿತ್ತಲ್ವಾ?"

ಅಷ್ಟರಲ್ಲಿ ಆಟದ ಮೇಷ್ಟ್ರು ನೀಲಿ ಪುಸ್ತಕ ಎತ್ತಿಕೊಂಡರು. "ಪುಸ್ತಕ ಅಂದ್ರೆ ಮೊದಲು ಬೈಂಡಿಂಗ್ ನೋಡ್ಬೇಕು. ಮಕ್ಕಳ ಕೈ ಹೇಗಿರುತ್ತೆ ಗೊತ್ತಲ್ಲ?" ಎನ್ನುತ್ತ ಒಂದೇ ಹಾಳೆ ಹಿಡಿದು ಜಾಡಿಸಿದರು. ಹಾಳೆ ಕೈಯಲ್ಲಿ ಉಳಿಯಿತು. ಪುಸ್ತಕ ಹಾರಿ ಗಣಿತದ ಮೇಷ್ಟ್ರ ಲೋಟಕ್ಕೆ ಬಡಿಯಿತು, ಚಹಾ ಪೂರ್ತಿ ಕೆಂಪು ಪುಸ್ತಕದ ಮೇಲೆ ಸುರಿಯಿತು. ಒಂದೇ ಕಲ್ಲಿಗೆ ಎರಡು ಹಕ್ಕಿ.

"ಎರಡೂ ಫೇಲು," ಎಂದು ಆಟದ ಮೇಷ್ಟ್ರು ಗಂಭೀರವಾಗಿ ತೀರ್ಪು ಕೊಟ್ಟರು.

ಚಿತ್ರದ ಮೇಷ್ಟ್ರು ಎರಡನ್ನೂ ಗಬಕ್ಕನೆ ಎತ್ತಿಕೊಂಡರು. ಅಂಗಡಿಗೆ ವಾಪಸು ಹೋಗಬೇಕಾದ ಪುಸ್ತಕಗಳು ಅವು. ಕೆಂಪನ್ನು ಕಿಟಕಿಯ ಸರಳಿಗೆ ಒಣಹಾಕಿ, ನೀಲಿಗೆ ಗೋಂದು ಹಚ್ಚಿ, ಕೈ ತೊಳೆದು ಬಂದು ನೋಡುತ್ತಾರೆ, ಹಳದಿ ಪುಸ್ತಕವೇ ಇಲ್ಲ!

ಮೇಜಿನಡಿ, ಬೀರು, ಗಣಿತದ ಮೇಷ್ಟ್ರ ಚೀಲ ಎಲ್ಲ ಹುಡುಕಿ, ಮೂರು ಗಂಟೆಗೆ ಬೆವರು ಒರೆಸಿಕೊಳ್ಳುತ್ತ ವರಾಂಡಕ್ಕೆ ಬಂದರು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಮುದುಕ ಅಟೆಂಡರು ಅದನ್ನೇ ಬೆರಳಿಟ್ಟು ಓದುತ್ತಿದ್ದ. ಅವನು ಮೊಮ್ಮಗಳ ಹತ್ತಿರ ಅಕ್ಷರ ಕಲಿತು ಇನ್ನೂ ವರ್ಷವಾಗಿರಲಿಲ್ಲ.

ಬೈಯಲು ಬಾಯಿ ತೆರೆದ ಮೇಷ್ಟ್ರು ಅವನ ಮುಖ ನೋಡಿ, ತಾವೂ ಪುಟದ ಕಡೆ ಬಗ್ಗಿದರು. ಪುಟದ ತುಂಬ ಬಾವಿ ತೋಡುವವರ ಚಿತ್ರವಿತ್ತು. ಒಬ್ಬಳು ಮಣ್ಣಿನ ಬುಟ್ಟಿ ಹೊತ್ತಿದ್ದಳು. ಒಬ್ಬ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ.

"ನಮ್ಮಪ್ಪ ಬಾವಿ ತೋಡ್ತಿದ್ರು ಮೇಷ್ಟ್ರೇ," ಎಂದ ಅಟೆಂಡರು. "ರಾಜರು ಬಾವಿ ತೋಡಿಸಿದ್ರು ಅಂತ ಎಲ್ರೂ ಹೇಳ್ತಾರೆ. ತೋಡಿದವರನ್ನ ಪುಸ್ತಕದಲ್ಲಿ ಹಾಕಿದ್ದು ಇದೇ ಮೊದಲು ನೋಡಿದ್ದು."

"ಬರೆದಿರೋದು ಅರ್ಥ ಆಯ್ತಾ?"

"ಯಾರೂ ಹೇಳಿಕೊಡ್ಲಿಲ್ಲ. ಆದ್ರೂ ಆಯ್ತು."

ಮೇಷ್ಟ್ರು ಅವನ ಪಕ್ಕದಲ್ಲೇ ನಿಂತು ಆ ಪುಟ ಓದಿದರು. ಮಿಕ್ಕ ಪುಟಗಳ ಚಿತ್ರಗಳನ್ನು ನೋಡಿದರು; ಓದಲು ಹೊತ್ತಿರಲಿಲ್ಲ. ಆಮೇಲೆ ಒಳಗೆ ಹೋಗಿ, ಒಂದಕ್ಷರ ಹೊಡೆದುಹಾಕದೆ ಬರೆದರು: 'ಹೊಸದಾಗಿ ಓದುವವನಿಗೆ ಮೊದಲು ಬೇಕಾದದ್ದು ಇಸವಿಯಲ್ಲ, ಎದುರಿಗೊಬ್ಬ ಮನುಷ್ಯ. ಹಳದಿ ಪುಸ್ತಕದ ಚಿತ್ರಗಳಲ್ಲಿ ಅವನಿದ್ದಾನೆ.'

ಹೆಡ್‌ಮಿಸ್ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಒದ್ದೆ ಪುಸ್ತಕ, ಹರಿದ ಪುಸ್ತಕಗಳ ಮಾತನ್ನೇ ಎತ್ತಲಿಲ್ಲ. "ಹನ್ನೊಂದು ವರ್ಷದಲ್ಲಿ ಇತಿಹಾಸದ ಮೇಷ್ಟ್ರು ಇಂಥದ್ದೊಂದು ಸಾಲು ಬರೆದುಕೊಟ್ಟಿಲ್ಲ."

ಮೇಷ್ಟ್ರಿಗೆ ಜೀವ ಬಂತು. "ಅಂದ್ರೆ, ಚಿತ್ರ ಗೊತ್ತಿರೋರು ಶಾಲೆಗೆ ಬೇಕು ಅಂತ..."

"ಬೇಕೇ ಬೇಕು! ನಿಮ್ಮನ್ನ ಬಿಟ್ಟುಕೊಡೋ ಮಾತೇ ಇಲ್ಲ." ಹೆಡ್‌ಮಿಸ್ ವೇಳಾಪಟ್ಟಿ ಎಳೆದುಕೊಂಡು ಕೆಂಪು ಪೆನ್ನು ತೆಗೆದರು. "ಅವರ ಕಾಲಿಗೆ ಆರು ತಿಂಗಳು ಬೇಕಂತೆ. ಸೋಮವಾರದಿಂದ ಇತಿಹಾಸ ಪೂರ್ತಿ ನಿಮ್ಮದು."

"ಮತ್ತೆ ಚಿತ್ರಕಲೆ?"

"ಇಷ್ಟು ಚೆಂದದ ಚಿತ್ರ ಇರೋ ಪುಸ್ತಕ ದಿನಾ ಮಕ್ಕಳ ಕೈಯಲ್ಲೇ ಇರುತ್ತೆ ಅಂತ ನೀವೇ ತೋರಿಸಿಕೊಟ್ರಿ. ಇನ್ನು ಅದಕ್ಕೆ ಬೇರೆ ಪೀರಿಯಡ್ ಯಾಕೆ?"

ಪೆನ್ನು ವೇಳಾಪಟ್ಟಿಯ ಮೇಲೆ ಐದು ಸಲ ಗೀಚಿತು. ಹೆಡ್‌ಮಿಸ್ ಹಳದಿ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಅವರಿಗೆ ಕೊಟ್ಟರು.

ಮೇಷ್ಟ್ರು ಹೊರಗೆ ಬಂದು ಕೊನೆಯ ಪುಟ ತಿರುವಿ ನೋಡಿದರು. ಒಟ್ಟು ನೂರ ನಲವತ್ತು ಪುಟ. ಓದಿದ್ದು ಒಂದು.